ಹಾಡಿಗೂ ಉಡುಪಿಗೂ ಹದಿನಾರು ಪುಟ



ನಮ್ಮ ಭೈರವಾನಿತಿಪ್ಪದ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ, ಹಾಗೂ ಓದಿ ಮುಗಿಸಿರುವ ಕೆಲವು ಹೆಣ್ಣುಮಕ್ಕಳು ತಮ್ಮದೇ ಆದ ಒಂದು ಪತ್ರಿಕೆಯನ್ನು ಹೊರತರಲು ಹೊರಟಿದ್ದಾರೆ. ಪತ್ರಿಕೆಯ ವಿಷಯಗಳು ಎರಡೇ: ಹಾಡು ಮತ್ತು ಉಡುಪು. ಸುಭಾಷಿತಗಳೂ ಮಹಾಪುರುಷರ ಜೀವನ ಚರಿತ್ರೆಗಳೂ ಇದರಲ್ಲಿ ಇರುವುದಿಲ್ಲವೆಂದು ಅವರು ಮೊದಲೇ ತಿಳಿಸಿಬಿಟ್ಟಿದ್ದಾರೆ. ಸುದ್ದಿ ಹರಡಿದ ಕೂಡಲೇ ಹಿರಿಯರಲ್ಲಿ ಕೆಲವರು, "ಮೇಷ್ಟ್ರೇ, ಓದೋ ಹುಡುಗೀರಿಗೆ ಹಾಡು ಸಿಂಗಾರದ ಪತ್ರಿಕೆ ಯಾಕೆ? ಕೆಡೋದಕ್ಕೆ ಮೊಬೈಲು ಸಾಲದಾ?" ಎಂದು ನಮ್ಮನ್ನು ಕೇಳಿದ್ದಾರೆ. ಕೇಳಿದವರು ಮಕ್ಕಳ ಹಿತವನ್ನು ಬಯಸುವವರೇ. ಆದುದರಿಂದ ಅವರ ಪ್ರಶ್ನೆಯನ್ನು ಹಗುರವಾಗಿ ಕಾಣದೆ, ಈ ತಿಂಗಳ ಅಂಕಣವನ್ನು ಅದರ ಉತ್ತರಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೆನೆಯೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರಲ್ಲಿ ಸೇರಿದವು. ರಾಯದುರ್ಗವು ಅನಂತಪುರ ಜಿಲ್ಲೆಯ ಪಾಲಾಯಿತು. ಆ ಜಿಲ್ಲೆಯಲ್ಲಿಯೇ ಇದ್ದ ಮಡಕಶಿರಾ 2022ರ ವಿಭಜನೆಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಎಪ್ಪತ್ತು ವರ್ಷಗಳಿಂದ ಕನ್ನಡವು ಇಲ್ಲಿ ನಿಂತಿರುವುದು ಮೂರು ಕಂಬಗಳ ಮೇಲೆ: ಅಡುಗೆಮನೆಯ ಮಾತು, ಹೆಂಗಸರ ಹಾಡು, ಕನ್ನಡ ಶಾಲೆ.

ಈ ಮೂರರಲ್ಲಿ ಅಕ್ಷರವನ್ನು ಕಾಪಾಡುವುದು ಶಾಲೆಯೊಂದೇ. ಅದೂ ಹತ್ತನೆಯ ತರಗತಿಯವರೆಗೆ ಮಾತ್ರ. ಆ ಬಳಿಕ ನಮ್ಮ ಬಹುಪಾಲು ಹುಡುಗಿಯರ ಓದು ಇಂಗ್ಲಿಷಿನಲ್ಲಿ ಅಥವಾ ತೆಲುಗಿನಲ್ಲಿ ಸಾಗುತ್ತದೆ. ಕೆಲವರ ಓದು ಅಲ್ಲಿಗೇ ನಿಂತು, ಮನೆಯಲ್ಲಿ ಮದುವೆಯ ಮಾತು ಮೊದಲಾಗುತ್ತದೆ. ಬಸ್ಸಿನ ಫಲಕ, ಅಂಗಡಿಯ ರಸೀದಿ, ಆಸ್ಪತ್ರೆಯ ಚೀಟಿ, ಯಾವುದರಲ್ಲಿಯೂ ಅವರಿಗೆ ಕನ್ನಡ ಅಕ್ಷರವು ಎದುರಾಗುವುದಿಲ್ಲ. ಹೀಗೆ ಹತ್ತು ವರ್ಷ ತಿದ್ದಿ ತೀಡಿ ಕಲಿತ ಅಕ್ಷರವು ಹದಿನಾರನೆಯ ವಯಸ್ಸಿಗೇ ಅವರಿಂದ ದೂರ ಸರಿಯುತ್ತದೆ. ನಾಳೆ ತಾಯಿಯಾಗಿ ಮಗುವಿನ ಕೈಹಿಡಿದು ಬರೆಯಿಸಬೇಕಾದವಳು ಅವಳೇ ಅಲ್ಲವೆ? ಅವಳೇ ಓದುವುದನ್ನು ಬಿಟ್ಟರೆ ಮುಂದಿನ ಪೀಳಿಗೆಯಲ್ಲಿ ಕನ್ನಡವು ಕಿವಿಗೆ ಗೊತ್ತಿದ್ದು ಕಣ್ಣಿಗೆ ಗೊತ್ತಿಲ್ಲದ ಭಾಷೆಯಾಗುತ್ತದೆ.

ಪರೀಕ್ಷೆಗಾಗಿ ಓದಿದ ಅಕ್ಷರವು ಪರೀಕ್ಷೆಯೊಡನೆ ಮುಗಿಯುತ್ತದೆ. ಮನಸ್ಸಿನ ಆಸೆಗಾಗಿ ಓದಿದ ಅಕ್ಷರವು ಮಾತ್ರ ಜೊತೆಯಲ್ಲಿ ಉಳಿಯುತ್ತದೆ. ಹದಿಹರೆಯದ ಹೆಣ್ಣುಮಗಳು ಯಾರೂ ಹೇಳದೆಯೇ, ಅಂಕದ ಆಸೆಯಿಲ್ಲದೆಯೇ, ಕುತೂಹಲದಿಂದ ನೋಡುವ ಸಂಗತಿಗಳು ಯಾವುವು? ಹಾಡು ಮತ್ತು ಉಡುಪು. ಈ ಆಸಕ್ತಿಯನ್ನು ನಾವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ, ಅಡಗಿಸಲೂ ಆಗುವುದಿಲ್ಲ. ಅದು ಕನ್ನಡದಲ್ಲಿ ನಡೆಯಬೇಕೆ, ಇಲ್ಲವೆ ಕನ್ನಡವನ್ನು ಬಿಟ್ಟು ನಡೆಯಬೇಕೆ ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ನಿಜ ಹೇಳಬೇಕೆಂದರೆ ಈ ಪತ್ರಿಕೆಯು ನಮ್ಮ ಮನೆಗಳಲ್ಲಿ ಆಗಲೇ ಇದೆ, ಹೆಸರಿಟ್ಟಿಲ್ಲ, ಅಷ್ಟೆ. ನಿಮ್ಮ ಮನೆಯ ಹೆಣ್ಣುಮಕ್ಕಳ ಪುಸ್ತಕದ ಚೀಲವನ್ನು ನೆನಪಿಗೆ ತಂದುಕೊಳ್ಳಿ. ಹಾಡು ಬರೆದುಕೊಂಡ ಒಂದು ನೋಟುಬುಕ್ಕು, ರಂಗೋಲಿಯ ಚುಕ್ಕಿ ಇಟ್ಟುಕೊಂಡ ಇನ್ನೊಂದು, ರವಿಕೆಯ ಬೆನ್ನಿನ ಮಾದರಿಗಳನ್ನೂ ಮೆಹಂದಿಯ ಬಳ್ಳಿಗಳನ್ನೂ ಬರೆದ ಮತ್ತೊಂದು ಅದರಲ್ಲಿರುತ್ತವೆ. ಅವಳ ಅಜ್ಜಿಯ ಕಾಲದಲ್ಲಿ ಹಸೆಯ ಹಾಡು, ಆರತಿಯ ಹಾಡು, ಸೋಬಾನೆಗಳನ್ನು ಬರೆದಿಟ್ಟ ಪುಸ್ತಕವು ಸೀರೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಜಾತ್ರೆಗಳಲ್ಲಿ, ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಚಿತ್ರಗೀತೆಗಳ ತೆಳುಪುಸ್ತಕವನ್ನು ಓದಿಯೇ ಅಕ್ಷರದ ಸಲಿಗೆ ಬೆಳೆಸಿಕೊಂಡ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಈ ಮೂರು ನೋಟುಬುಕ್ಕುಗಳನ್ನು ಸೇರಿಸಿ ಹೊಲಿದರೆ ಅದೇ ಪತ್ರಿಕೆ.

ಹೆಣ್ಣುಮಕ್ಕಳು ಪತ್ರಿಕೆ ನಡೆಸುವುದು ಕನ್ನಡಕ್ಕೆ ಹೊಸದೂ ಅಲ್ಲ. ನಂಜನಗೂಡಿನ ತಿರುಮಲಾಂಬ ಅವರು 1887ರಲ್ಲಿ ಜನಿಸಿದವರು. ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು. ಆ ಕಾಲದ ಸಮಾಜವು ಅಂತಹ ಹೆಣ್ಣಿಗೆ ಮನೆಯ ಒಳಕೋಣೆಯನ್ನಲ್ಲದೆ ಬೇರೇನನ್ನೂ ಕೊಡುತ್ತಿರಲಿಲ್ಲ. ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ಅದೇ ದಶಕದಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರು 1920ರ ದಶಕದ ಆರಂಭದಿಂದ ಸುಮಾರು ನಾಲ್ಕು ದಶಕಗಳ ಕಾಲ 'ಸರಸ್ವತಿ' ಎಂಬ ಮಹಿಳಾ ಮಾಸಿಕವನ್ನು ನಡೆಸಿದರು. ಚಾಮರಾಜಪೇಟೆಯ ಮಕ್ಕಳ ಕೂಟವನ್ನು 1938ರಲ್ಲಿ ಸ್ಥಾಪಿಸಿದವರೂ ಅವರೇ. ಈ ಇಬ್ಬರಿಗೂ ಅಂದು ಕೇಳಿಬಂದ ಪ್ರಶ್ನೆ ಇಂದು ನಮ್ಮೂರಿನಲ್ಲಿ ಕೇಳಿಬಂದ ಪ್ರಶ್ನೆಗಿಂತ ಬಹಳ ಬೇರೆಯಾಗಿ ಇದ್ದಿರಲಾರದು.

ಹೊರನಾಡುಗಳಲ್ಲಿ ಹದಿಹರೆಯದ ಹುಡುಗಿಯರಿಗಾಗಿಯೇ ಪತ್ರಿಕೆಗಳು ಬಂದ ಬಗೆಯನ್ನೂ ತುಸು ನೋಡುವುದು ಒಳ್ಳೆಯದು. ಅದರಲ್ಲಿ ಅನುಸರಿಸತಕ್ಕದ್ದೂ ಇದೆ, ಎಚ್ಚರಪಡತಕ್ಕದ್ದೂ ಇದೆ. ಅಮೆರಿಕೆಯಲ್ಲಿ 'ಸೆವೆಂಟೀನ್' ಎಂಬ ಪತ್ರಿಕೆ 1944ರಲ್ಲಿ ಆರಂಭವಾಯಿತು. ಸ್ಕಾಟ್ಲೆಂಡಿನ ಡಂಡೀ ಎಂಬ ಊರು ಸೆಣಬಿನ ಗಿರಣಿಗಳಿಗೆ ಹೆಸರಾಗಿತ್ತು. ನಮ್ಮ ಬಂಗಾಳದ ಸೆಣಬು ಅಲ್ಲಿಗೆ ಹೋಗುತ್ತಿತ್ತು. ಅದೇ ಊರಿನಿಂದ 'ಜಾಕಿ' ಎಂಬ ವಾರಪತ್ರಿಕೆ 1964ರಿಂದ 1993ರವರೆಗೆ ಹೊರಟಿತು. ಗಾಯಕರ ಚಿತ್ರಗಳು, ಉಡುಪಿನ ಪುಟಗಳು, ಹುಡುಗಿಯರ ಪ್ರಶ್ನೆಗಳಿಗೆ ಉತ್ತರ ಹೇಳುವ ಒಂದು ಪುಟ, ಇವು ಅದರ ಜೀವಾಳ. 1978ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ 'ಸ್ಮ್ಯಾಶ್ ಹಿಟ್ಸ್' ಎಂಬ ಪತ್ರಿಕೆಯು ಜನಪ್ರಿಯ ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿಯೇ ಹೆಸರು ಮಾಡಿತು. ನಮ್ಮ ಜಾತ್ರೆಯ ಹಾಡಿನ ಪುಸ್ತಕವೂ ಅದನ್ನೇ ಮಾಡುತ್ತಿದ್ದಿತು.

ಎಚ್ಚರಪಡತಕ್ಕದ್ದು ಏನೆಂದರೆ, ಈ ಪತ್ರಿಕೆಗಳನ್ನು ನಡೆಸಿದವರು ದೊಡ್ಡವರು, ಕೊಂಡು ಓದಿದವರು ಹುಡುಗಿಯರು. ಇಂಗ್ಲೆಂಡಿನ ವಿದುಷಿ ಆಂಜೆಲಾ ಮ್ಯಾಕ್‌ರಾಬಿ ಅವರು 1970ರ ದಶಕದ ಕೊನೆಯಲ್ಲಿ 'ಜಾಕಿ'ಯ ಪುಟಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. ಗಂಡಿನ ಮೆಚ್ಚುಗೆಯನ್ನು ಪಡೆಯುವುದೇ ಹುಡುಗಿಯ ಬಾಳಿನ ಗುರಿಯೆಂಬ ಪಾಠವನ್ನು ಅದು ಸದ್ದಿಲ್ಲದೆ ಕಲಿಸುತ್ತಿದೆಯೆಂದು ತೋರಿಸಿಕೊಟ್ಟರು. 2012ರಲ್ಲಿ ಅಮೆರಿಕೆಯ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು, ಯಂತ್ರದಿಂದ ತಿದ್ದದ ಚಿತ್ರಗಳನ್ನು ತಿಂಗಳಿಗೊಮ್ಮೆಯಾದರೂ ಪ್ರಕಟಿಸಬೇಕೆಂದು 'ಸೆವೆಂಟೀನ್'ಗೆ ಮನವಿ ಸಲ್ಲಿಸಿದಳು. ಸಾವಿರಾರು ಮಂದಿ ಆ ಮನವಿಗೆ ಸಹಿ ಹಾಕಿದರು. ಹುಡುಗಿಯರ ಮೈಕಟ್ಟನ್ನೂ ಮುಖದ ಆಕಾರವನ್ನೂ ಬದಲಿಸುವುದಿಲ್ಲವೆಂದು ಪತ್ರಿಕೆಯು ಮಾತು ಕೊಡಬೇಕಾಯಿತು.

ಇದರಿಂದ ತಿಳಿಯುವುದೇನು? ಹಾಡು, ಉಡುಪು ಎಂಬ ವಿಷಯಗಳಿಂದ ಕೆಡುಕಿಲ್ಲ. ಅವುಗಳ ಪತ್ರಿಕೆ ಯಾರ ಕೈಯಲ್ಲಿದೆ ಎಂಬುದರಲ್ಲಿ ಒಳಿತು ಕೆಡುಕುಗಳಿವೆ. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲು ದೊರೆತದ್ದನ್ನೆಲ್ಲ ತೋರಿಸುತ್ತದೆ. ಏನನ್ನು ತೋರಿಸಬೇಕೆಂದು ತೀರ್ಮಾನಿಸುವವರು ಎಲ್ಲಿಯೋ ಇರುತ್ತಾರೆ. ತಾವೇ ಪತ್ರಿಕೆ ಮಾಡುವ ಹುಡುಗಿಯು ಅದೇ ತೀರ್ಮಾನವನ್ನು ತನ್ನ ಕೈಯಿಂದ ಮಾಡಬೇಕಾಗುತ್ತದೆ: ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು, ಏಕೆ? ಒಮ್ಮೆ ಈ ಕೆಲಸ ಮಾಡಿದವಳನ್ನು ಬಣ್ಣದ ಚಿತ್ರವೊಂದು ಸುಲಭವಾಗಿ ಮರುಳು ಮಾಡಲಾರದು. ಆದುದರಿಂದಲೇ ಈ ಪತ್ರಿಕೆಯ ರಚನೆಯ ಕೆಲಸವೆಲ್ಲವೂ ಹೆಣ್ಣುಮಕ್ಕಳದೇ ಆಗಿರಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಇನ್ನು ರಚನೆಯ ವಿಚಾರ. ಉಪಾಧ್ಯಾಯ ಶಿಕ್ಷಣ ಪಡೆಯುತ್ತಿದ್ದ ಕಾಲದಲ್ಲಿ ಗೋಡೆಪತ್ರಿಕೆಗಳನ್ನು ಬರೆದು, ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಮಸಿಯಲ್ಲಿ ಕೈ ಅದ್ದಿದ ಅನುಭವ ನಮಗಿದೆ. ಯಂತ್ರಗಳು ಬದಲಾದರೂ ಮೂಲ ಸೂತ್ರಗಳು ಬದಲಾಗಿಲ್ಲ. ಬೇರೆ ಊರುಗಳ ಕನ್ನಡ ಮನೆಗಳಲ್ಲಿಯೂ ಯಾರಾದರೂ ಇಂತಹ ಪತ್ರಿಕೆಗೆ ಕೈಹಾಕಬಹುದೆಂಬ ಆಸೆಯಿಂದ ಅವುಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲನೆಯದು, ಓದುಗಳು ಯಾರೆಂಬ ನಿರ್ಧಾರ. 'ಎಲ್ಲರಿಗಾಗಿ' ಎಂದು ಹೊರಟ ಪತ್ರಿಕೆ ಯಾರನ್ನೂ ಮುಟ್ಟುವುದಿಲ್ಲ. ಹದಿನಾಲ್ಕರಿಂದ ಹದಿನೆಂಟು ವರ್ಷದವಳು, ರಾತ್ರಿ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ಬಿಡುವಿರುವವಳು, ಕನ್ನಡವನ್ನು ಓದಬಲ್ಲಳಾದರೂ ದೀರ್ಘ ಲೇಖನಕ್ಕೆ ಅಂಜುವವಳು. ಇಂತಹ ಒಬ್ಬಳನ್ನು ಕಣ್ಣಮುಂದೆ ನಿಲ್ಲಿಸಿಕೊಂಡರೆ ಲೇಖನದ ಉದ್ದ, ಅಕ್ಷರದ ಗಾತ್ರ, ಚಿತ್ರಗಳ ಸಂಖ್ಯೆ ತಾವಾಗಿ ನಿರ್ಧಾರವಾಗುತ್ತವೆ.

ಎರಡನೆಯದು, ಅಳತೆ. ಎ-4 ಕಾಗದದ ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಿಸಿದರೆ ಹದಿನಾರು ಪುಟಗಳಾಗುತ್ತವೆ. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ: ಬಿಡಿಸಿದ ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಒಂದನೆಯ ಪುಟದ ಪಕ್ಕದಲ್ಲಿ ಹದಿನಾರನೆಯದು, ಎರಡರ ಪಕ್ಕದಲ್ಲಿ ಹದಿನೈದನೆಯದು, ಹೀಗೆ. ಎಂಟು ಮತ್ತು ಒಂಬತ್ತು ಮಾತ್ರ ಓದುವಾಗಲೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಕೂಡಿರುತ್ತವೆ. ಆದುದರಿಂದ ದೊಡ್ಡ ಚಿತ್ರಕ್ಕೆ ಅದೇ ತಕ್ಕ ಸ್ಥಳ. ಮಡಿಕೆಯ ಕಡೆಗೆ ಒಂದೂವರೆ ಸೆಂಟಿಮೀಟರು ಅಂಚು ಬಿಡದಿದ್ದರೆ ಸಾಲಿನ ಕೊನೆಯ ಅಕ್ಷರಗಳು ಮಡಿಕೆಯೊಳಗೆ ಹುದುಗಿಹೋಗುತ್ತವೆ. ಕಟ್ಟುವುದಕ್ಕೆ ಪಿನ್ನಿನ ಯಂತ್ರವೇ ಬೇಕೆಂದಿಲ್ಲ. ನಡುಮಡಿಕೆಯಲ್ಲಿ ಮೂರು ರಂಧ್ರ ಮಾಡಿ ಸೂಜಿ ದಾರದಿಂದ ಹೊಲಿದರೆ ಹೆಚ್ಚು ಬಾಳುತ್ತದೆ. ಹೊಲಿಗೆಯ ಸೀಮೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ.

ಮೂರನೆಯದು, ಅಕ್ಷರ. ಇಂಗ್ಲಿಷ್ ಪತ್ರಿಕೆಗಳನ್ನು ಕಂಡು ಸಾಲುಗಳನ್ನು ಒತ್ತೊತ್ತಾಗಿ ಬರೆಯುವುದು ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. 'ಸ್ತ್ರೀ', 'ರಾಷ್ಟ್ರ' ಎಂಬಂತಹ ಪದಗಳು ಬಂದಾಗ ಮೇಲಿನ ಸಾಲೂ ಕೆಳಗಿನ ಸಾಲೂ ಒಂದಕ್ಕೊಂದು ತಾಗುತ್ತವೆ. ಸಾಲುಗಳ ನಡುವೆ ಧಾರಾಳವಾಗಿ ತೆರವು ಬಿಡಬೇಕು. ನಮ್ಮ ಪದಗಳು ಉದ್ದ. ವಿಭಕ್ತಿ ಪ್ರತ್ಯಯಗಳು ಬಾಲದಂತೆ ಸೇರುತ್ತಲೇ ಹೋಗುತ್ತವೆ. ಆದುದರಿಂದ ಇಷ್ಟು ಚಿಕ್ಕ ಪುಟವನ್ನು ಎರಡು ಕಾಲಂ ಮಾಡಿದರೆ ಪ್ರತಿ ಸಾಲಿನಲ್ಲಿಯೂ ಪದ ಮುರಿಯುತ್ತದೆ. ಗದ್ಯಕ್ಕೆ ಒಂದೇ ಕಾಲಂ ಲೇಸು. ಹಾಡಿನ ಸಾಲನ್ನಂತೂ ಎಂದಿಗೂ ನಡುವೆ ಮುರಿಯಬಾರದು. ಉಸಿರು ನಿಲ್ಲುವಲ್ಲಿಯೇ ಸಾಲೂ ನಿಲ್ಲಬೇಕು.

ಪತ್ರಿಕೆಯ ಹೆಸರನ್ನು ಕೈಯಿಂದಲೇ ಬಿಡಿಸಬೇಕು. ನಮ್ಮ ಮಕ್ಕಳ ಬರವಣಿಗೆಯಲ್ಲಿ ಕನ್ನಡದ ತಲೆಕಟ್ಟಿನ ಜಾಗದಲ್ಲಿ ತೆಲುಗಿನ ತಲೆಕಟ್ಟು ಎಷ್ಟೋ ಸಲ ಬಂದುಬಿಡುತ್ತದೆ. ಒಂದು ಕಾಲಕ್ಕೆ ಒಂದೇ ಆಗಿದ್ದು ಕವಲೊಡೆದ ಲಿಪಿಗಳಿವು. ಎರಡನ್ನೂ ಬಲ್ಲ ಹುಡುಗಿಗೆ ಅಕ್ಷರದ ಬಳುಕು ಎಲ್ಲಿ ಬೇರೆಯಾಗುತ್ತದೆಯೆಂದು ತಿಳಿಯುವಷ್ಟು ಬೆಂಗಳೂರಿನ ಹುಡುಗಿಗೆ ತಿಳಿಯಲಾರದು. ಇದನ್ನು ದೋಷವೆಂದು ಬಗೆಯದೆ, ಅಕ್ಷರ ಬಿಡಿಸುವ ಕಲೆಗೆ ಬಂಡವಾಳವೆಂದು ಬಗೆಯಬೇಕು.

ನಾಲ್ಕನೆಯದು, ಮುಖಪುಟ. ಒಂದೇ ಚಿತ್ರ, ಒಂದೇ ಹೆಸರು, ತಿಂಗಳು, ಬೆಲೆ; ಇಷ್ಟು ಸಾಕು. ಐದು ಚಿತ್ರಗಳನ್ನು ಹಾಕಿದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಾಗ ಮೇಲಿನ ಅಂಚು ಮಾತ್ರ ಕಾಣುತ್ತದೆ. ಹೆಸರು ಮೇಲ್ಭಾಗದಲ್ಲಿ ಬರುವುದು ಅದಕ್ಕಾಗಿ. ನೆರಳಚ್ಚಿನ ಯಂತ್ರಕ್ಕೆ ಪೆನ್ಸಿಲಿನ ನಸುನೆರಳು ತಿಳಿಯದು, ತೆಳುನೀಲಿ ಬಣ್ಣವು ಮಾಯವಾಗುತ್ತದೆ. ಕಪ್ಪು ಮಸಿಯ ಗೆರೆ, ಚುಕ್ಕಿ, ಅಡ್ಡಗೀಟುಗಳಿಂದ ಬಿಡಿಸಿದ ಚಿತ್ರವು ಸ್ಫುಟವಾಗಿ ಮೂಡುತ್ತದೆ. ಅಂದರೆ ರಂಗೋಲಿ ಬಲ್ಲ ಕೈಗೆ ಈ ಯಂತ್ರ ಹೇಳಿಮಾಡಿಸಿದ್ದು.

ಐದನೆಯದು, ಹಣ. ಒಂದು ಪ್ರತಿಗೆ ನಾಲ್ಕು ಹಾಳೆ, ಎರಡೂ ಬದಿ ಸೇರಿ ಎಂಟು ಬದಿ. ಬದಿಗೆ 2 ರೂಪಾಯಿಯೆಂದು ಹಿಡಿದರೆ ಪ್ರತಿಗೆ 16 ರೂಪಾಯಿ; 40 ಪ್ರತಿಗೆ 640. ಬೆಲೆ 20 ರೂಪಾಯಿ ಇಟ್ಟರೆ 800 ಬರುತ್ತದೆ. ಉಳಿದ 160ರಲ್ಲಿ ಮಸಿ, ದಾರ, ಮುಂದಿನ ಸಂಚಿಕೆಯ ಕಾಗದ. ಒಂದೊಂದು ಪ್ರತಿಯನ್ನು ಐವರು ಓದಿದರೂ ಓದಿದವರು 200 ಮಂದಿ. ಈ ಲೆಕ್ಕದ ಪುಸ್ತಕ ಹುಡುಗಿಯರ ಬಳಿಯಲ್ಲಿಯೇ ಇರಲಿ. ತಮ್ಮ ದುಡಿಮೆಯ ಲೆಕ್ಕವನ್ನು ತಾವೇ ಬರೆಯುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಬಹಳ ತಡವಾಗಿ ಬರುತ್ತಿದೆ.

ಇಷ್ಟು ಹೊರಗಿನ ರಚನೆ. ಒಳಗೆ ಏನಿರಬೇಕು? ಚಿತ್ರಗೀತೆಗಳನ್ನು ಪೂರ್ತಿಯಾಗಿ ಅಚ್ಚು ಹಾಕುವಂತಿಲ್ಲ. 1957ರ ಕೃತಿಸ್ವಾಮ್ಯದ ಕಾನೂನಿನಂತೆ ಗೀತೆಯ ಹಕ್ಕು ಬರೆದವರು ಬದುಕಿರುವವರೆಗೂ, ಅವರ ನಂತರ 60 ವರ್ಷಗಳವರೆಗೂ ಇರುತ್ತದೆ. ಆದರೆ ಹಾಡಿದವರ ಬಗ್ಗೆ ಬರೆಯಲು ಅಡ್ಡಿಯಿಲ್ಲ. ಕನ್ನಡ ಚಿತ್ರಗೀತೆಗಳಿಗೆ ದಶಕಗಳ ಕಾಲ ಕಂಠ ಕೊಟ್ಟ ಪಿ. ಸುಶೀಲಾ ಅವರು 1935ರಲ್ಲಿ ವಿಜಯನಗರಂನಲ್ಲಿ, ಎಸ್. ಜಾನಕಿ ಅವರು 1938ರಲ್ಲಿ ಗುಂಟೂರು ಜಿಲ್ಲೆಯಲ್ಲಿ, ಅಂದರೆ ಇಬ್ಬರೂ ತೆಲುಗು ಸೀಮೆಯಲ್ಲಿ ಜನಿಸಿದವರು. ಗಡಿಯ ಹುಡುಗಿಗೆ ಇದಕ್ಕಿಂತ ಆಪ್ತವಾದ ಲೇಖನ ಯಾವುದಿದೆ? ಗಂಗೂಬಾಯಿ ಹಾನಗಲ್ ಅವರ ಶಾಲೆಯ ಓದು ಐದನೆಯ ತರಗತಿಗೇ ನಿಂತಿತ್ತು ಎಂಬುದನ್ನೂ ಅವರು ಓದಲಿ.

ಅದಕ್ಕಿಂತ ಮುಖ್ಯವಾದ ಹಾಡುಗಳು ಮನೆಯೊಳಗೇ ಇವೆ. ಇಲ್ಲಿಂದ ಗಡಿ ದಾಟಿದರೆ ಚಳ್ಳಕೆರೆ ತಾಲ್ಲೂಕು. ಅಲ್ಲಿಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೆ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, 2014ರಲ್ಲಿ ತೀರಿಕೊಂಡವರು, ಬುರ್ರಕಥೆಯ ದೀರ್ಘ ಕಾವ್ಯಗಳನ್ನು ಬಾಯಲ್ಲಿಯೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನಿತ್ತಿತು. ವಿದ್ವಾಂಸರು ಹುಡುಕಿಕೊಂಡು ಹೋದುದರಿಂದ ಇವರ ಹೆಸರು ಉಳಿಯಿತು. 1930ರ ದಶಕದಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದಾಗ ಬೀಸುಕಲ್ಲಿನ ಪದಗಳಿಗೆ ಪುಸ್ತಕದ ಮರ್ಯಾದೆ ಬಂದಿತು. ಅವನ್ನು ಹಾಡಿದ ಹೆಂಗಸರ ಹೆಸರುಗಳನ್ನು ಇಂದು ಹೇಳಬಲ್ಲವರು ವಿರಳ. ನಮ್ಮ ಊರುಗಳ ಅಜ್ಜಿಯರನ್ನು ಹುಡುಕಿಕೊಂಡು ಯಾವ ವಿದ್ವಾಂಸರು ಬರುತ್ತಾರೆ? ಮೊಮ್ಮಗಳೇ ಪಕ್ಕದಲ್ಲಿ ಕುಳಿತು, ಒಂದು ಸಂಚಿಕೆಗೆ ಒಂದು ಹಾಡನ್ನು ಬರೆದುಕೊಳ್ಳಬೇಕು. ಹಾಡಿದವರ ಒಪ್ಪಿಗೆಯಿಂದ ಅವರ ಹೆಸರು, ಊರು, ಯಾವ ಕೆಲಸದಲ್ಲಿ ಅಥವಾ ಯಾವ ಶಾಸ್ತ್ರದಲ್ಲಿ ಹಾಡುತ್ತಿದ್ದರು ಎಂಬುದು ಹಾಡಿನ ಕೆಳಗೆ ಇರಬೇಕು.

ಉಡುಪಿನ ಪುಟಗಳಿಗೂ ದೂರದ ಊರುಗಳತ್ತ ನೋಡಬೇಕಾಗಿಲ್ಲ. ರಾಯದುರ್ಗಕ್ಕೆ ಸಮೀಪದ ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಗುರುತಿನ ಮನ್ನಣೆ ಪಡೆದದ್ದು. ಹೂವು, ಹಣ್ಣು, ಪಕ್ಷಿಗಳ ಚಿತ್ತಾರ ಅದರ ಹೆಗ್ಗಳಿಕೆ. ಧರ್ಮಾವರದ ಮಗ್ಗಗಳೂ ದೂರವಿಲ್ಲ. ಮಡಕಶಿರಾ ಸೀಮೆಯ ಹೇಮಾವತಿಯು ಹೆಂಜೇರು ಎಂಬ ಹೆಸರಿನಿಂದ ಸಾವಿರ ವರ್ಷಗಳ ಹಿಂದೆ ನೊಳಂಬರ ರಾಜಧಾನಿಯಾಗಿತ್ತು; ಅಲ್ಲಿಯ ಶಿಲ್ಪಗಳ ಕೊರಳ ಹಾರ, ತೋಳಬಂದಿ, ಮುಡಿಯ ಬಗೆಗಳನ್ನು ಬಿಡಿಸಿ ತಂದರೆ ನಡುಪುಟದ ಚಿತ್ರ ಸಿದ್ಧ.

ಬಳ್ಳಾರಿ, ರಾಯದುರ್ಗಗಳು ಜೀನ್ಸ್ ಹೊಲಿಗೆಗೆ ಹೆಸರಾದ ಊರುಗಳು. ನಮ್ಮ ಎಷ್ಟೋ ಮನೆಗಳ ಹೆಂಗಸರು ಆ ಬಟ್ಟೆಗಳ ದಾರ ಕತ್ತರಿಸುತ್ತಾರೆ, ಗುಂಡಿ ಹಾಕುತ್ತಾರೆ. ಆದರೆ ಜೇಬಿನ ಮೂಲೆಯಲ್ಲಿ ತಾಮ್ರದ ಮೊಳೆ ಏಕಿದೆಯೆಂದು ಕೇಳಿದವರಿಲ್ಲ. ಅಮೆರಿಕೆಯಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯು, ಕೂಲಿಯವರ ಜೇಬುಗಳು ಪದೇ ಪದೇ ಹರಿಯುವುದನ್ನು ಕಂಡು ಮೂಲೆಗೆ ಮೊಳೆ ಬಡಿದನು. ಬಟ್ಟೆಯ ವ್ಯಾಪಾರಿ ಲೆವಿ ಸ್ಟ್ರಾಸ್‌ನೊಡನೆ ಕೂಡಿ 1873ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ದುಡಿಯುವವನ ಉಡುಪು ಮುಂದೆ ಷೋಕಿಯ ಉಡುಪಾಯಿತು. ಈ ಕಥೆಯನ್ನೂ, ಒಂದು ಪ್ಯಾಂಟಿಗೆ ತನ್ನ ತಾಯಿಗೆ ಸಿಗುವ ಕೂಲಿ ಎಷ್ಟು, ಅಂಗಡಿಯಲ್ಲಿ ಅದರ ಬೆಲೆ ಎಷ್ಟು ಎಂಬುದನ್ನೂ ಅಕ್ಕಪಕ್ಕದಲ್ಲಿ ಬರೆದ ಹುಡುಗಿಗೆ ಉಡುಪು ಎಂದರೇನೆಂದು ನಾವು ಬೇರೆ ಪಾಠ ಹೇಳಬೇಕೆ?

ಹಿರಿಯರು ಕೈಹಾಕಬೇಕಾದ ಸಂಗತಿಗಳೂ ಇವೆ, ಅವು ಮೂರು ಮಾತ್ರ. ಮೊದಲನೆಯದು, ಹುಡುಗಿಯರ ಭಾವಚಿತ್ರವನ್ನೂ ದೂರವಾಣಿಯ ಸಂಖ್ಯೆಯನ್ನೂ ಹಾಕಬಾರದು. ಕಾಗದದಲ್ಲಿ ಬಂದ ಚಿತ್ರ ಮರುಕ್ಷಣದಲ್ಲಿ ಮೊಬೈಲಿಗೆ ಏರುತ್ತದೆ, ಚಿತ್ರ ಬಿಡಿಸಲಿ. ಎರಡನೆಯದು, ಮೈಬಣ್ಣವನ್ನೂ ಮೈಕಟ್ಟನ್ನೂ ಹೀಗಳೆಯುವ ಮಾತಾಗಲಿ ಜಾಹೀರಾತಾಗಲಿ ಬರಬಾರದು. 1975ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮೂ ಸಹ 2020ರಲ್ಲಿ ಹೆಸರಿನಿಂದ ಬಿಳುಪಿನ ಮಾತನ್ನು ಕೈಬಿಟ್ಟಿತು. ನಮ್ಮ ಮನೆಗಳ ಬಾಯಲ್ಲಿ ಅದಿನ್ನೂ ಬಿಟ್ಟುಹೋಗಿಲ್ಲ. ಮೂರನೆಯದು, ಕೊಳ್ಳಲಾಗದ ಬಟ್ಟೆಯ ಆಸೆ ಹುಟ್ಟಿಸುವುದಕ್ಕಿಂತ, ಇರುವ ಬಟ್ಟೆಯನ್ನು ಹೊಸದಾಗಿಸುವ ವಿದ್ಯೆಗೆ ಹೆಚ್ಚು ಪುಟ ಕೊಡಬೇಕು. ಅಮ್ಮನ ಹಳೆಯ ಸೀರೆಯಿಂದ ಲಂಗ ಹೇಗೆ, ಹಳೆಯ ವೃತ್ತಪತ್ರಿಕೆಯಲ್ಲಿ ರವಿಕೆಯ ಅಳತೆ ಕತ್ತರಿಸುವುದು ಹೇಗೆ, ಇಂತಹವು.

ಇವನ್ನು ಬಿಟ್ಟರೆ ಉಳಿದುದರಲ್ಲಿ ನಾವು ದೂರ ನಿಲ್ಲೋಣ. ಮುಖ್ಯೋಪಾಧ್ಯಾಯರ ಹಿತವಚನ, ಗಣ್ಯರ ಶುಭಸಂದೇಶಗಳಿಂದ ಮೊದಲ ನಾಲ್ಕು ಪುಟ ತುಂಬಿದರೆ ಐದನೆಯ ಪುಟಕ್ಕೆ ಯಾವ ಹುಡುಗಿಯೂ ತಲುಪುವುದಿಲ್ಲ. ಕಾಗುಣಿತದ ತಪ್ಪುಗಳನ್ನು ಅವರು ಕೇಳಿದರೆ ತಿದ್ದೋಣ. 'ನನ್ನ ಕನ್ನಡ ಸರಿಯಿಲ್ಲ' ಎಂಬ ನಾಚಿಕೆಯೇ ಗಡಿನಾಡಿನ ಮಕ್ಕಳು ಕನ್ನಡದಲ್ಲಿ ಬರೆಯುವುದನ್ನು ಬಿಡಲು ಕಾರಣವೆಂಬುದನ್ನು ನಾವು ವರ್ಷ ವರ್ಷವೂ ಕಾಣುತ್ತಿದ್ದೇವೆ. ಮನೆಯಲ್ಲಿ ಆಡುವ ಮಾತಿನಲ್ಲಿ ತೆಲುಗು ಬೆರೆತಿದ್ದರೆ ಅದೂ ಬರಲಿ. ಬರೆಯುತ್ತ ಬರೆಯುತ್ತ ಭಾಷೆ ತಿಳಿಯಾಗುತ್ತದೆ. ಬರೆಯದೆ ಉಳಿದ ಭಾಷೆ ತಿಳಿಯಾಗುವ ಬಗೆಯಿಲ್ಲ.

ತಂದೆತಾಯಂದಿರಲ್ಲಿ ನಮ್ಮ ಬಿನ್ನಹವು ಇಷ್ಟು. ವಾರದಲ್ಲಿ ಒಂದು ಸಂಜೆ ಆ ಮಗಳಿಗೆ ನೀರು, ಕಸ, ಒಲೆಗಳಿಂದ ಬಿಡುವು ಕೊಡಿ. ಅಜ್ಜಿಗೆ ಹಾಡಲು ಹೇಳಿ. ಅವರು ನಾಚಿದರೆ ಗಂಡಸರು ಜಗಲಿಗೆ ಹೋಗಿ ಕುಳಿತುಕೊಳ್ಳಿ. ಪತ್ರಿಕೆ ಬಂದಾಗ ಇಪ್ಪತ್ತು ರೂಪಾಯಿ ಕೊಟ್ಟು ಕೊಂಡುಕೊಳ್ಳಿ, ಉಚಿತವಾಗಿ ಕೇಳಬೇಡಿ. ಮದುವೆಯಾಗಿ ಹೋದ ಹೆಣ್ಣುಮಗಳಿಗೂ ಒಂದು ಪ್ರತಿ ಕಳುಹಿಸಿ. ಕನ್ನಡದ ಅಕ್ಷರವನ್ನು ಅವಳು ಕಂಡು ಎಷ್ಟು ತಿಂಗಳಾಗಿದೆಯೋ ಯಾರು ಬಲ್ಲರು! ಆದೋನಿ, ಮಡಕಶಿರಾ, ಕಾಸರಗೋಡಿನ ಕನ್ನಡ ಮನೆಗಳಲ್ಲಿಯೂ ಇಂತಹ ನೋಟುಬುಕ್ಕುಗಳಿರಬೇಕು. ಅಲ್ಲಿಯ ಹೆಣ್ಣುಮಕ್ಕಳು ತಮ್ಮ ಅಜ್ಜಿಯ ಒಂದು ಹಾಡನ್ನು, ತಮ್ಮ ಸೀಮೆಯ ಒಂದು ಸೀರೆಯ ಅಂಚಿನ ಚಿತ್ರವನ್ನು ಈ ಮಾಸಿಕದ ವಿಳಾಸಕ್ಕೆ ಕಳುಹಿಸಿದರೆ, ನಮ್ಮ ಊರಿನ ಸಂಪಾದಕಿಯರ ಕೈಗೆ ಒಪ್ಪಿಸುವ ಹೊಣೆ ನಮ್ಮದು. ಪ್ರಕಟಿಸುವುದೂ ಬಿಡುವುದೂ ಅವರಿಗೆ ಸೇರಿದ್ದು. ಆ ವಿಚಾರದಲ್ಲಿ ನಮ್ಮ ಶಿಫಾರಸು ನಡೆಯುವುದಿಲ್ಲವೆಂದು ಅವರು ಈಗಾಗಲೇ ಸ್ಪಷ್ಟಪಡಿಸಿದ್ದಾರೆ.